ಕೊನೆಯ ರೆಕಾರ್ಡಿಗೆ ಯಾರೂ ಕೂತಿರುವ ಹಾಗಿಲ್ಲ

ಮೈಸೂರಿನ ನಮ್ಮ ಮನೆಯಲ್ಲಿ ರೇಡಿಯೋ ಆರಿಸುವುದಕ್ಕೂ ಒಂದು ಶಾಸ್ತ್ರವಿತ್ತು. ಅಳುವ ಹಾಡು ಬರುತ್ತಿರುವಾಗ ಆರಿಸುವ ಹಾಗಿಲ್ಲ. ಸ್ಕೂಲಿಗೆ ಹೊತ್ತಾಗಲಿ, ಒಲೆಯ ಮೇಲೆ ಹಾಲು ಉಕ್ಕಿ ಹರಿಯಲಿ, ಆ ಹಾಡು ಮುಗಿದು, ಸ್ವಲ್ಪ ನಗುಮುಖದ ಇನ್ನೊಂದು ಶುರುವಾಗಿ, ಎರಡು ಸಾಲಾದರೂ ಕಿವಿಗೆ ಬಿದ್ದ ಮೇಲೆಯೇ ಅಜ್ಜಿ ಗುಂಡಿ ತಿರುಗಿಸಲು ಬಿಡುತ್ತಿದ್ದರು. ಮಂಗಳ ಹಾಡದೆ ಏಳಬಾರದು ಅನ್ನುವುದು ಅವರ ಮಾತು. ಆ ಮನೆಯಲ್ಲಿ ದೀಪವನ್ನು ಯಾರೂ ಆರಿಸುತ್ತಿರಲಿಲ್ಲ, ದೊಡ್ಡದು ಮಾಡುತ್ತಿದ್ದರು. ಯಾರೂ ಹೋಗುತ್ತಿರಲಿಲ್ಲ, ಹೋಗಿ ಬರುತ್ತಿದ್ದರು.

ನಾನು ಇದನ್ನೆಲ್ಲ ಆಡಿಕೊಂಡು ನಗುತ್ತಲೇ ಬೆಳೆದೆ. ಇಂಜಿನಿಯರಿಂಗ್ ಓದಿದೆ, ಮದುವೆಯಾದೆ, ಸಿಂಗಪುರಕ್ಕೆ ಬಂದೆ, ಟುವಾಸ್‌ನ ಒಂದು ಫ್ಯಾಕ್ಟರಿಯಲ್ಲಿ ಯಂತ್ರಗಳ ನಡುಕ ಅಳೆಯುವ ಕೆಲಸ ಹಿಡಿದೆ. ಯಾವ ಯಂತ್ರ ಇನ್ನೆಷ್ಟು ದಿನ ತಡೆದೀತು, ಯಾವಾಗ ಕೈಕೊಟ್ಟೀತು ಎಂದು ಮೊದಲೇ ಹೇಳುವುದು ನನ್ನ ಹೊಟ್ಟೆಪಾಡು. ಅಂಥವಳಿಗೆ ಶಾಸ್ತ್ರವೇನು, ಶಕುನವೇನು ಅಂದುಕೊಂಡಿದ್ದೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನುವುದು ತಿಳಿದದ್ದು ಒಂದು ಶನಿವಾರ ಸಂಜೆ, ಬುಕಿತ್ ಬಾಟೋಕ್‌ನಲ್ಲಿ, ಮುಚ್ಚಿದ ಫ್ಯಾಕ್ಟರಿಯೊಂದರ ಕ್ಯಾಂಟೀನಿನಲ್ಲಿ. ನನ್ನ ಕೈಯಲ್ಲಿ ಎರಡು ರೆಕಾರ್ಡುಗಳಿದ್ದವು. ಯಾವುದನ್ನು ಹಾಕುತ್ತೇನೆ ಅನ್ನುವುದರ ಮೇಲೆ ಒಬ್ಬ ಮನುಷ್ಯನ ಜೀವ ನಿಂತಿತ್ತು. ಅದು ನನಗೆ ಗೊತ್ತಿರಲಿಲ್ಲ ಎಂದು ನಾನು ಯಾವತ್ತೂ ಹೇಳಲಾರೆ.

ಆ ಮನುಷ್ಯನನ್ನು ನಾವೆಲ್ಲ ಅಂಕಲ್ ಅನ್ನುತ್ತಿದ್ದೆವು. ನಮ್ಮೂರಿನವರೇ. ನಾನು ಹುಟ್ಟುವ ಮೊದಲೇ ಹಡಗು ರಿಪೇರಿಯ ಕೆಲಸಕ್ಕೆ ಬಂದು, ಇಲ್ಲೇ ನಿಂತು, ಯಿಶುನ್‌ನಲ್ಲಿ ಮನೆ ಮಾಡಿ ರಿಟೈರ್ ಆಗಿದ್ದವರು. ಅವರು ಬಂದ ಕಾಲಕ್ಕೆ ಬ್ರಿಟಿಷ್ ನೌಕಾಪಡೆ ಇಲ್ಲಿಂದ ಗಂಟುಮೂಟೆ ಕಟ್ಟುತ್ತಿತ್ತಂತೆ. ಹೊರಡುವ ಆತುರದಲ್ಲಿದ್ದ ನಾವಿಕನೊಬ್ಬ ತನ್ನ ಪ್ಲೇಯರನ್ನೂ ಒಂದು ಪೆಟ್ಟಿಗೆ ರೆಕಾರ್ಡನ್ನೂ ಇವರ ತಲೆಗೆ ಕಟ್ಟಿ ಹೋದ. ಪೆಟ್ಟಿಗೆಯಲ್ಲಿದ್ದದ್ದು ಸೋಲ್ ಸಂಗೀತ. ಅಮೆರಿಕದ ಕಪ್ಪು ಜನ, ಚರ್ಚಿನಲ್ಲಿ ದೇವರನ್ನು ಕೂಗಿ ಕರೆಯುವ ಧಾಟಿಯಲ್ಲೇ ಪ್ರೀತಿಸಿದವರನ್ನು ಕೂಗಿ ಕರೆಯುವ ಹಾಡುಗಳು. ಒಂದೊಂದೂ ಮೂರು ನಿಮಿಷದೊಳಗೆ ಮುಗಿಯುತ್ತದೆ. ಕೇಳಿದರೆ ಕಾಲು ಸುಮ್ಮನಿರುವುದಿಲ್ಲ.

ಆಂಟಿ ಮದುವೆಯಾಗಿ ಬಂದಾಗ ಆ ಮನೆಯಲ್ಲಿ ಎರಡು ಕುರ್ಚಿ, ಒಂದು ಸ್ಟವ್ ಬಿಟ್ಟರೆ ಬರೀ ರೆಕಾರ್ಡುಗಳೇ ಇದ್ದವಂತೆ. "ಅಡುಗೆ ಬರುತ್ತಾ ಅಂತ ಕೇಳ್ಲಿಲ್ಲ ಕಣೇ ಇವ್ರು. ಡ್ಯಾನ್ಸ್ ಬರುತ್ತಾ ಅಂತ ಕೇಳಿದ್ರು. ನಾನು ಕೋಲಾಟ ಬರುತ್ತೆ ಅಂದೆ" ಎಂದು ಹೇಳಿ ಆಂಟಿ ನಗುತ್ತಿದ್ದರು.

ತಿಂಗಳಿಗೊಂದು ಶನಿವಾರ, ಸಂಜೆ ನಾಲ್ಕರಿಂದ ಎಂಟರವರೆಗೆ, ಅಂಕಲ್ ಆ ಕ್ಯಾಂಟೀನನ್ನು ಬಾಡಿಗೆಗೆ ಹಿಡಿದು ಡ್ಯಾನ್ಸ್ ನಡೆಸುತ್ತಿದ್ದರು. ಬರುತ್ತಿದ್ದವರು ಹೆಚ್ಚಾಗಿ ಅವರ ಜೊತೆ ಕೆಲಸ ಮಾಡಿ ರಿಟೈರ್ ಆದವರು, ಚೀನೀಯರು, ಮಲಯರು, ತಮಿಳರು, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡ ಅವರ ಹೆಂಡಂದಿರು. ನಮ್ಮಂಥ ನಾಲ್ಕು ಸಂಸಾರ ಕನ್ನಡದವರೂ ಹೋಗುತ್ತಿದ್ದೆವು. ನಾವು ಕೇರಂ ಬೋರ್ಡಿಗೆ ಪೌಡರ್ ಹಾಕುತ್ತೇವಲ್ಲ, ಹಾಗೆ ಅಂಕಲ್ ಡಬ್ಬಿಗಟ್ಟಲೆ ಪೌಡರನ್ನು ನೆಲಕ್ಕೆ ಚೆಲ್ಲುತ್ತಿದ್ದರು, ಪಾದ ಜಾರಬೇಕು ಎಂದು. ಅಲ್ಲಿ ಒಂದೇ ಒಂದು ಕಾನೂನು. ಕೊನೆಯ ರೆಕಾರ್ಡ್ ಯಾವುದು ಎಂದು ಹಾಕುವವರೇ ಆರಿಸಬೇಕು, ಮೊದಲೇ ಯಾರಿಗೂ ಹೇಳಬಾರದು. ಅದು ಶುರುವಾದ ಮೇಲೆ ಯಾರೂ ಕೂತಿರುವ ಹಾಗಿಲ್ಲ. ಕಾಲು ನೋಯಲಿ, ಸೊಂಟ ಹಿಡಿಯಲಿ, ಎದ್ದು ನಾಲ್ಕು ಹೆಜ್ಜೆಯಾದರೂ ಹಾಕಲೇಬೇಕು. ಈ ಕಾನೂನು ಮಾಡಿದವರು ಅಂಕಲ್ಲೇ, ಮತ್ತು ಅದನ್ನು ಒಮ್ಮೆಯೂ ಮುರಿಯದವರೂ ಅವರೇ.

ಆ ಶನಿವಾರಕ್ಕೆ ಮೂರು ತಿಂಗಳ ಹಿಂದೆ ಅವರಿಗೆ ಹಾರ್ಟ್ ಅಟ್ಯಾಕ್ ಆಗಿತ್ತು. ಎರಡು ವಾರ ಆಸ್ಪತ್ರೆಯಲ್ಲಿದ್ದು ಬಂದರು. ಭಾರ ಎತ್ತಬೇಡಿ, ಮೆಟ್ಟಿಲು ಹತ್ತಬೇಡಿ, ಡ್ಯಾನ್ಸ್ ಅಂತೂ ಮರೆತುಬಿಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆವತ್ತಿನಿಂದ ಪೆಟ್ಟಿಗೆ ನನ್ನ ಕೈಗೆ ಬಂತು. ರೆಕಾರ್ಡಿನ ನಡುವಿನ ತೂತಿಗೆ ಬಿಲ್ಲೆ ಕೂರಿಸುವುದು, ಮುಳ್ಳನ್ನು ಎಲ್ಲಿ ಇಳಿಸಬೇಕು, ಒಂದು ಹಾಡು ಮುಗಿಯುವ ಮುನ್ನ ಇನ್ನೊಂದನ್ನು ಹೇಗೆ ಹೊಂದಿಸಬೇಕು, ಎಲ್ಲ ಅವರೇ ಕಲಿಸಿದ್ದು. ಅವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ಕಾಲ್ಬೆರಳು ಕುಣಿಸುತ್ತಿದ್ದರು. ಅಲ್ಲಿಂದೀಚೆಗೆ ಪ್ರತಿ ಸಲವೂ ಕೊನೆಯ ರೆಕಾರ್ಡಿಗೆ ಮುಂಚೆಯೇ ಆಂಟಿ ಅವರನ್ನು ಏನೋ ನೆವ ಹೇಳಿ ಮನೆಗೆ ಹೊರಡಿಸಿಕೊಂಡು ಹೋಗಿದ್ದರು.

ಈ ಸಲ ಆ ನೆವ ನಡೆಯುವಂತಿರಲಿಲ್ಲ. ಆಗ ಇಲ್ಲಿ ಎಲ್ಲಿ ನೋಡಿದರೂ ಕೆಡವುವುದು, ಕಟ್ಟುವುದು. ನಿನ್ನೆ ಇದ್ದ ಬಿಲ್ಡಿಂಗ್ ನಾಳೆ ಇಲ್ಲ, ಅದರ ಜಾಗದಲ್ಲಿ ಕಾಂಡೋ ಅನ್ನುವ ದುಬಾರಿ ಫ್ಲ್ಯಾಟುಗಳ ಬಣ್ಣದ ಬೋರ್ಡು. ನಮ್ಮ ಕ್ಯಾಂಟೀನಿದ್ದ ಬಿಲ್ಡಿಂಗೂ ಮಾರಾಟವಾಗಿ, ಅದೇ ನಮ್ಮ ಕಡೆಯ ಶನಿವಾರ ಎಂದಾಯಿತು. ಕೊನೆಯವರೆಗೂ ಇರುತ್ತೇನೆ ಎಂದು ಅಂಕಲ್ ಹಟ ಹಿಡಿದಿದ್ದರು.

ಬೆಳಿಗ್ಗೆ ಎದ್ದಾಗಲೇ ದಿನ ಸರಿಯಿರಲಿಲ್ಲ. ಪಕ್ಕದ ದೇಶದ ಕಾಡಿಗೆ ಬೆಂಕಿ ಬಿದ್ದು, ಅದರ ಹೊಗೆ ಒಂದು ವಾರದಿಂದ ಈ ಊರಿನ ಮೇಲೆ ಕೂತಿತ್ತು. ಇಲ್ಲಿಯವರು ಅದನ್ನು ಹೇಜ್ ಅನ್ನುತ್ತಾರೆ. ಎದುರಿನ ಬ್ಲಾಕ್ ಕಾಣುತ್ತಿರಲಿಲ್ಲ. ಸೂರ್ಯ ಕೊಳೆತ ಮೊಟ್ಟೆಯ ಹಾಗೆ ತೇಲುತ್ತಿದ್ದ. ವಯಸ್ಸಾದವರು, ಹೃದಯದ ತೊಂದರೆಯವರು ಮನೆಯೊಳಗೇ ಇರಿ ಎಂದು ಟೀವಿಯಲ್ಲಿ ಹೇಳುತ್ತಲೇ ಇದ್ದರು. ನಾನು ಫೋನ್ ಮಾಡಿದೆ.

"ಅಂಕಲ್, ಇವತ್ತು ಬರ್ಲೇಬೇಕಾ?"

"ಏನಮ್ಮಾ, ಸೌದೆ ಒಲೆ ಮುಂದೆ ಬೆಳ್ದೋನು ನಾನು. ಈ ಹೊಗೆಗೆಲ್ಲ ಕ್ಯಾನ್ಸಲ್ ಮಾಡ್ತಾರಾ?" ಎಂದು ನಕ್ಕರು. ನಗು ಕೆಮ್ಮಾಯಿತು. ನಾನು ಫೋನ್ ಇಟ್ಟು ಗಂಡನ ಮುಖ ನೋಡಿದೆ.

"ಅವ್ರು ಬರ್ತಾರೆ. ನೀನು ಟೆನ್ಷನ್ ಮಾಡ್ಕೊಂಡ್ರೆ ಹೇಜ್ ಹೋಗಲ್ಲ" ಅಂದ ಅವನು. ನನ್ನ ಗಂಡ ಬ್ಯಾಂಕಿನ ಕಂಪ್ಯೂಟರ್ ನೋಡಿಕೊಳ್ಳುವವನು. ಸಮಾಧಾನ ಹೇಳುವುದೆಂದರೆ ಅವನಿಗೆ ಇಷ್ಟೇ.

ಕ್ಯಾಂಟೀನಿದ್ದದ್ದು ಮೂರನೇ ಮಹಡಿಯಲ್ಲಿ. ಹೋಗಿ ನೋಡಿದರೆ ಲಿಫ್ಟ್ ಬಂದ್. ಖಾಲಿ ಮಾಡುತ್ತಿರುವ ಬಿಲ್ಡಿಂಗಿಗೆ ಲಿಫ್ಟ್ ಯಾಕೆ ಎಂದು ಕರೆಂಟ್ ತೆಗೆದುಬಿಟ್ಟಿದ್ದರು. ನಾನು ಮೇಲೆ ನಿಂತು, ಅಂಕಲ್ ಮೆಟ್ಟಿಲು ಹತ್ತುವ ಸದ್ದು ಕೇಳಿಸಿಕೊಂಡೆ. ಆರು ಮೆಟ್ಟಿಲು, ನಿಲ್ಲುವುದು. ಐದು ಮೆಟ್ಟಿಲು, ನಿಲ್ಲುವುದು. ನಾಲ್ಕು. ಯಂತ್ರವಾಗಿದ್ದರೆ ಅಲ್ಲೇ ನಿಲ್ಲಿಸಿ ಕೆಂಪು ಚೀಟಿ ಅಂಟಿಸಿರುತ್ತಿದ್ದೆ.

ಪಕ್ಕದ ಜಾಗದಲ್ಲಿ ಆಗಲೇ ಪೈಲಿಂಗ್ ನಡೆಯುತ್ತಿತ್ತು. ಹೊಸ ಬಿಲ್ಡಿಂಗಿನ ಬುನಾದಿಗೆ ನೆಲದೊಳಕ್ಕೆ ಕಂಬ ಹೊಡೆಯುವ ಯಂತ್ರ. ಧಡ್ ಎಂದು ಒಂದು ಏಟು, ಆಮೇಲೆ ಮೌನ, ಮತ್ತೆ ಧಡ್. ಒಂದೊಂದು ಏಟಿಗೂ ಮೂರನೇ ಮಹಡಿಯ ನೆಲ ಅದುರುತ್ತಿತ್ತು, ರೆಕಾರ್ಡಿನ ಮೇಲಿನ ಮುಳ್ಳು ಹಾರಿ ಹಾಡು ಎಡವುತ್ತಿತ್ತು. ಪ್ಲೇಯರಿನ ಕೆಳಗೆ ಸ್ಪಾಂಜ್ ಇಟ್ಟೆ, ಅದರ ಮೇಲೆ ಮಣೆ ಇಟ್ಟೆ. ಮುಳ್ಳು ನಿಂತಿತು. ನನ್ನ ಎದೆ ಮಾತ್ರ ಪ್ರತಿ ಏಟಿಗೂ ಧಸಕ್ಕೆನ್ನುತ್ತಿತ್ತು. ಕಿಟಕಿಗಳನ್ನೆಲ್ಲ ಮುಚ್ಚಿದ್ದರೂ ಸುಟ್ಟ ವಾಸನೆ ಒಳಗೇ ಇತ್ತು. ಜನ ಕುಣಿಯುತ್ತಿದ್ದರು, ನಡುನಡುವೆ ಕೆಮ್ಮುತ್ತಿದ್ದರು, ಯಾರೂ ಎಂದಿನಂತೆ ಜೋರಾಗಿ ನಗುತ್ತಿರಲಿಲ್ಲ.

ಏಳು ಗಂಟೆಯ ಹೊತ್ತಿಗೆ ಪೈಲಿಂಗ್ ನಿಂತಿತು. ಆಗ ಆಂಟಿ ನನ್ನನ್ನು ಕೈ ತೊಳೆಯುವ ಜಾಗಕ್ಕೆ ಕರೆದುಕೊಂಡು ಹೋದರು. ಬ್ಯಾಗಿನಿಂದ ಒಂದು ರೆಕಾರ್ಡ್ ತೆಗೆದು ಕೈಗಿಟ್ಟರು. ನಾನು ಅದನ್ನು ನೋಡಿದ ಕೂಡಲೇ ಗುರುತು ಹಿಡಿದೆ. ಪೆಟ್ಟಿಗೆಯಲ್ಲೆಲ್ಲ ತೀರಾ ನಿಧಾನದ ಹಾಡು ಅದು. ಮನೆ ಖಾಲಿ ಮಾಡಿ, ಬೀಗದ ಕೈಯನ್ನು ಕಿಟಕಿಯ ಮೇಲಿಟ್ಟು, ಇನ್ನು ಬರುವುದಿಲ್ಲ ಎಂದು ಹೊರಟು ಹೋಗುವವನ ಹಾಡು. ಕೊನೆಯ ಅರ್ಧ ನಿಮಿಷ ಅವನು ಬರುವುದಿಲ್ಲ, ಬರುವುದಿಲ್ಲ ಎಂದಷ್ಟೇ ಹೇಳುತ್ತಾನೆ, ದನಿ ಸಣ್ಣಗಾಗುತ್ತಾ ಇಲ್ಲವಾಗುತ್ತದೆ.

"ಕೊನೇಗೆ ಇದನ್ನೇ ಹಾಕು" ಅಂದರು ಆಂಟಿ. "ಅವ್ರು ಎದ್ದೇ ಏಳ್ತಾರೆ, ನಂಗೊತ್ತು. ಹಿಡ್ಕೊಳ್ಳೋಕಾಗಲ್ಲ. ಇದಾದ್ರೆ ನಾನು ಕೈ ಹಿಡ್ಕೊಂಡು ನಾಲ್ಕು ಹೆಜ್ಜೆ ಹಾಕ್ಸಿ ಕೂರ್ಸಿಬಿಡ್ತೀನಿ. ಫಾಸ್ಟ್‌ದು ಬೇಡ ಕಣೇ. ಇನ್ನೊಂದ್ಸಲ ಆದ್ರೆ ತಡ್ಯಲ್ಲ ಅಂತ ಡಾಕ್ಟ್ರು ನಂಗೊಬ್ಬಳಿಗೇ ಹೇಳಿದಾರೆ."

"ಆಯ್ತು ಆಂಟಿ" ಅಂದೆ. ಹೌದು, ಹಾಗೇ ಅಂದೆ.

ಎಂಟಕ್ಕೆ ಐದು ನಿಮಿಷವಿತ್ತು. ವಾಚ್‌ಮನ್ ಬಂದು ಬಾಗಿಲ ಬಳಿ ಬೀಗ ಹಿಡಿದು ನಿಂತಿದ್ದ. ಆಂಟಿ ಕೊಟ್ಟ ರೆಕಾರ್ಡ್ ನನ್ನ ಬಲಗೈಯಲ್ಲಿತ್ತು. ಅದನ್ನು ಹಾಕಲು ಹೊರಟೆ, ಕೈ ಬರಲಿಲ್ಲ. ಒಳಗೆ ಅಜ್ಜಿ ಎದ್ದು ಕೂತಿದ್ದರು. ಕೆಡವಲಿರುವ ಬಿಲ್ಡಿಂಗು, ಹೊರಗೆ ಸ್ಮಶಾನದ ಹಾಗೆ ಹೊಗೆ, ಇಲ್ಲಿ ಒಮ್ಮೆ ಹೃದಯ ಕೈಕೊಟ್ಟ ಮನುಷ್ಯ, ಇದೇ ಕೊನೆಯ ಸಂಜೆ. ಇಂಥ ಹೊತ್ತಿನಲ್ಲಿ 'ಬರುವುದಿಲ್ಲ, ಬರುವುದಿಲ್ಲ' ಎಂದು ಹಾಡಿಸಿ ಮುಗಿಸುವುದೇ? ಕೈಯಾರೆ ಕೇಡನ್ನು ಕರೆದ ಹಾಗಲ್ಲವೇ?

"ಏನೇ, ಮಂಗಳಾರತಿ ತಟ್ಟೆ ಹಿಡ್ಕೊಂಡೋಳ ಥರ ನಿಂತ್ಬಿಟ್ಟೆ? ಹಾಕು, ಅವ್ನು ಲಾಕ್ ಮಾಡ್ಬೇಕಂತೆ" ಎಂದು ಗಂಡ ಪಿಸುಗುಟ್ಟಿದ.

ಎಡಗೈ ತಾನಾಗಿ ಪೆಟ್ಟಿಗೆಗೆ ಹೋಯಿತು. ಮದುವೆ ಮನೆಯ ವಾಲಗದ ಹಾಗೆ ತುತ್ತೂರಿಗಳಿಂದ ಶುರುವಾಗುವ ಒಂದು ಹಾಡಿತ್ತು, ಹುಡುಗಿ ಒಪ್ಪಿದಳೆಂದು ಬೀದಿಯವರನ್ನೆಲ್ಲ ಕೂಗಿ ಕರೆಯುವವನದು. ಅದನ್ನು ತೆಗೆದೆ. ಆಗ ನನಗೆ ಒಂದು ಲೆಕ್ಕವೂ ಹೊಳೆಯಿತು. ನಿಧಾನದ್ದಾದರೆ ಅಂಕಲ್ ಖಂಡಿತ ಏಳುತ್ತಾರೆ. ಇಷ್ಟು ವೇಗದ್ದಾದರೆ ತಮ್ಮಿಂದಾಗದೆಂದು ಕೂತೇ ಇರುತ್ತಾರೆ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಈ ಲೆಕ್ಕ ಮೊದಲು ಬಂತೋ, ಕೈ ಮೊದಲು ಹೋಯಿತೋ? ಕೈ ಮೊದಲು ಹೋಯಿತು. ಲೆಕ್ಕ ಅದರ ಹಿಂದೆ ಓಡಿಬಂತು.

ಮುಳ್ಳು ಇಳಿಸಿದೆ. ತುತ್ತೂರಿಗಳು ಎದ್ದವು. ಜನ ಹೋ ಎಂದು ಎದ್ದರು.

ಅಂಕಲ್ ಕಣ್ಣು ಮುಚ್ಚಿ ಮೊದಲ ಎರಡು ಸಾಲು ಕೇಳಿದರು. ಆಮೇಲೆ ಕನ್ನಡಕ ತೆಗೆದು, ಮಡಿಸಿ, ಆಂಟಿಯ ಕೈಗೆ ಕೊಟ್ಟರು. ಕುಣಿಯುವ ಮೊದಲು ಅವರು ಯಾವಾಗಲೂ ಹಾಗೆಯೇ ಮಾಡುತ್ತಿದ್ದರು. ಎದ್ದು ನಿಂತರು.

ಎಂಥ ಕುಣಿತ, ಅಯ್ಯೋ! ಮೊದಲು ಕಾಲು ಜಾರಿಸುತ್ತಾ ಒಂದು ಸುತ್ತು ಬಂದರು. ಆಮೇಲೆ ಹಿಮ್ಮಡಿಯ ಮೇಲೆ ಗಿರ್ರನೆ ತಿರುಗಿದರು. ಸುತ್ತ ಇದ್ದವರು ಜಾಗ ಬಿಟ್ಟು ಚಪ್ಪಾಳೆ ತಟ್ಟತೊಡಗಿದರು. ಅವರಿಗೇನು ಗೊತ್ತು? ಆಂಟಿ ಕನ್ನಡಕ ಹಿಡಿದು ನಿಂತಲ್ಲೇ ನಿಂತಿದ್ದರು. ಅವರು ಗಂಡನನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು. ತುಟಿ ಅಲ್ಲಾಡಿತು. "ತೆಗಿ" ಅಂದರು. ಸದ್ದಿನಲ್ಲಿ ಕೇಳಿಸಲಿಲ್ಲ, ಆದರೆ ಆ ಮಾತು ನನಗೆ ಕಂಡಿತು.

ನನ್ನ ಬೆರಳು ಮುಳ್ಳಿನ ಕಡ್ಡಿಯ ಕೆಳಗೇ ಇತ್ತು. ಎತ್ತಿದರೆ ಹಾಡು ನಿಲ್ಲುತ್ತದೆ, ಹಾಡು ನಿಂತರೆ ಅವರು ನಿಲ್ಲುತ್ತಾರೆ. ಒಂದು ಉಗುರಿನಷ್ಟು ಎತ್ತಿದ್ದರೆ ಸಾಕಿತ್ತು. ಎತ್ತಲಿಲ್ಲ. ಮಂಗಳಾರತಿಯ ನಡುವೆ ತಟ್ಟೆ ಕೆಳಗಿಡುತ್ತಾರೆಯೇ? ಇನ್ನೊಂದು ನಿಮಿಷ, ಮುಗಿದುಬಿಡುತ್ತದೆ, ಎಲ್ಲ ಒಳ್ಳೆಯದಾಗುತ್ತದೆ ಎಂದು ಹಲ್ಲು ಕಚ್ಚಿ ನಿಂತೆ. ಇಂಜಿನಿಯರ್ ಅಂತೆ ಇಂಜಿನಿಯರ್, ನನ್ನ ಓದಿಗೆ ಬೆಂಕಿ ಹಾಕ.

ಹಾಡು ಮುಗಿಯಿತು. ಎಲ್ಲರೂ ಕೂಗಾಡಿದರು. ಅಂಕಲ್ ತಾವೇ ನಡೆದುಕೊಂಡು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಅಂಗಿ ಬೆವರಿನಿಂದ ಮೈಗಂಟಿತ್ತು. ಮುಖದಲ್ಲಿ ನಗುವಿತ್ತು.

"ಭಲೇ! ಮಂಗಳ ಅಂದ್ರೆ ಇದು ಕಣಮ್ಮಾ. ಸರಿಯಾಗಿ ಆರಿಸ್ದೆ" ಅಂದರು.

ನನಗೆ ಒಂದು ಕ್ಷಣ ಹಿಗ್ಗಾಯಿತು. ಅದನ್ನು ಮುಚ್ಚಿಟ್ಟು ಏನು ಪ್ರಯೋಜನ? ನೋಡಿದಿರಾ ಆಂಟಿ, ಏನೂ ಆಗಲಿಲ್ಲ ಎಂದು ಹೇಳಲು ತಿರುಗಿದೆ. ತಿರುಗಿ ನೋಡುವಷ್ಟರಲ್ಲಿ ಅಂಕಲ್ ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡಿದ್ದರು. ಆಂಟಿ ಓಡಿಬಂದು ಬ್ಯಾಗು ಕೊಡವಿ, ಮಾತ್ರೆ ಹುಡುಕಿ, ನಾಲಿಗೆಯ ಕೆಳಗಿಟ್ಟರು. ಗಂಡ ಆಂಬುಲೆನ್ಸಿಗೆ ಫೋನ್ ಮಾಡಿದ. ಆಂಬುಲೆನ್ಸಿನವರು ಬೇಗನೇ ಬಂದರು, ಆದರೆ ಲಿಫ್ಟ್ ಇರಲಿಲ್ಲ. ಮೂರು ಮಹಡಿ ಹೊತ್ತು ಇಳಿಸಿದರು. ಎರಡನೇ ಮಹಡಿಯ ತಿರುವಿನಲ್ಲಿ ಅವರಲ್ಲೊಬ್ಬ ಇನ್ನೊಬ್ಬನ ಮುಖ ನೋಡಿದ. ಹಿಂದೆ ಇಳಿಯುತ್ತಿದ್ದ ನನಗೆ ಅಷ್ಟರಲ್ಲೇ ಅರ್ಥವಾಯಿತು. ಆಂಟಿಗೂ ಆಗಿರಬೇಕು. ಅವರ ಕೈಯಲ್ಲಿ ಆಗಲೂ ಕನ್ನಡಕವಿತ್ತು.

ಮಳೆ ಬಂದು ಹೇಜ್ ತೊಳೆದುಹೋಯಿತು. ಹದಿಮೂರು ದಿನದ ಕೆಲಸಗಳೂ ಮುಗಿದವು. ಬಂದವರೆಲ್ಲ ಒಂದೇ ಮಾತು ಹೇಳುತ್ತಿದ್ದರು, ಪುಣ್ಯಾತ್ಮ, ಕುಣಿಯುತ್ತಾ ಹೋದರು ಎಂದು. ನಾನು ತಟ್ಟೆ ಲೋಟ ತೊಳೆದೆ, ಬಂದವರಿಗೆ ನೀರು ಕೊಟ್ಟೆ, ಆಂಟಿಯ ಕಣ್ಣಿಗೆ ಮಾತ್ರ ಒಂಟಿಯಾಗಿ ಬೀಳದಂತೆ ನೋಡಿಕೊಂಡೆ. ಒಂದೂವರೆ ತಿಂಗಳಾದ ಮೇಲೆ ಅವರೇ ಫೋನ್ ಮಾಡಿದರು.

"ಪೆಟ್ಟಿಗೆ ಇಲ್ಲಿದೆ. ಬಂದು ತಗೊಂಡ್ಹೋಗು. ಒಬ್ಳೇ ಬಾ."

ಯಿಶುನ್‌ಗೆ ಎಂಆರ್‌ಟಿ ರೈಲಿನಲ್ಲಿ ಹೋಗುವಾಗ ಉದ್ದಕ್ಕೂ ಮಾತು ಹೊಂದಿಸಿಕೊಂಡೆ. ಆಂಟಿ ಬಾಗಿಲು ತೆಗೆದು, ಕಾಫಿ ಕೊಟ್ಟು, ಎದುರಿಗೆ ಕೂತರು. ಸುತ್ತುಬಳಸಲಿಲ್ಲ.

"ನಾನು ಕೊಟ್ಟಿದ್ದು ಯಾಕೆ ಹಾಕ್ಲಿಲ್ಲ?"

"ಫಾಸ್ಟ್ ಆದ್ರೆ ಅಂಕಲ್ ಏಳಲ್ಲ ಅಂದ್ಕೊಂಡೆ ಆಂಟಿ."

"ಇಷ್ಟು ವರ್ಷ ನೋಡಿದೀಯ ಅವ್ರನ್ನ. ನಿಜವಾಗ್ಲೂ ಹಾಗಂದ್ಕೊಂಡ್ಯಾ?"

ಕಾಫಿ ಲೋಟ ಕೆಳಗಿಟ್ಟೆ. ಗಂಡನಿಗೂ ಹೇಳದಿದ್ದದ್ದನ್ನು ಹೇಳಿದೆ. ಅಜ್ಜಿಯ ರೇಡಿಯೋ, ಮಂಗಳ, ಬರುವುದಿಲ್ಲ ಅನ್ನುವ ಹಾಡಿನಲ್ಲಿ ಮುಗಿಸಲು ಕೈ ಬಾರದ್ದು, ನಡುವೆ ನಿಲ್ಲಿಸಲು ಕೈ ಬಾರದ್ದು. ಹೇಳುತ್ತಾ ಹೇಳುತ್ತಾ ಬಿಕ್ಕಿ ಬಿಕ್ಕಿ ಅತ್ತೆ. ಆಂಟಿ ಅಳಲಿಲ್ಲ.

"ನಮ್ಮಮ್ಮನೂ ಹಾಗೇ ಹೇಳ್ತಿದ್ರು" ಅಂದರು. "ನೀನೊಬ್ಳೇ ಮೈಸೂರಿನವಳು ಅಂದ್ಕೊಂಡ್ಯಾ? ಆ ಹಾಡು ಕೈಗೆ ತಗೊಳ್ಳೋವಾಗ ನಂಗೂ ಮೈ ನಡುಗ್ತು. ಅದನ್ನೆಲ್ಲ ಬಿಟ್ಟು ನಿನ್ನ ಹತ್ರ ಬಂದಿದ್ದೆ ಕಣೇ ನಾನು."

ಎದ್ದು ಹೋಗಿ ಆ ರೆಕಾರ್ಡನ್ನು ತಂದರು. ಯಾರೋ ಅದನ್ನು ಕ್ಯಾಂಟೀನಿನಿಂದ ಪೆಟ್ಟಿಗೆಯೊಳಗೆ ಹಾಕಿ ತಲುಪಿಸಿದ್ದರು. ಪ್ಲೇಯರಿನ ಮುಚ್ಚಳ ತೆಗೆದು ನನ್ನ ಕಡೆ ನೋಡಿದರು. ನಾನೇ ಹಾಕಬೇಕಿತ್ತು. ಬಿಲ್ಲೆ ಕೂರಿಸಿದೆ, ಮುಳ್ಳು ಇಳಿಸಿದೆ. ಮುಳ್ಳು ಜಾರಿ ಮೊದಲ ಪದ ಕೆರೆಯಿತು. ಆಮೇಲೆ ಅವನು ಹಾಡತೊಡಗಿದ, ತನ್ನ ಮನೆಯ ಬಗ್ಗೆ, ಬೀಗದ ಕೈಯ ಬಗ್ಗೆ.

ನಾನು ಸೋಫಾದ ಮೇಲೆ ಕೂತೆ.

"ಏಳು" ಅಂದರು ಆಂಟಿ. "ಕೊನೇ ರೆಕಾರ್ಡಿಗೆ ಯಾರೂ ಕೂತಿರೋ ಹಾಗಿಲ್ಲ."

ಎದ್ದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಹಿಡಿತ ನೋಯುವಷ್ಟು ಬಿಗಿಯಾಗಿತ್ತು. ಎಡಕ್ಕೆ ಒಂದು ಹೆಜ್ಜೆ, ಮತ್ತೊಂದು. ಬಲಕ್ಕೆ ಒಂದು, ಮತ್ತೊಂದು. ಹಾಡು ಇನ್ನೂ ಅರ್ಧವೂ ಆಗಿರಲಿಲ್ಲ. ಆಂಟಿ ನನ್ನನ್ನು ಮೆಲ್ಲನೆ ಹಿಂದಕ್ಕೆ ನಡೆಸಿಕೊಂಡು ಹೋಗಿ, ಭುಜ ಒತ್ತಿ, ಕಿಟಕಿಯ ಪಕ್ಕದ ಅಂಕಲ್ ಕುರ್ಚಿಯಲ್ಲಿ ಕೂರಿಸಿದರು.

"ಇಷ್ಟೇ ಕಣೇ ನಾನು ಕೇಳಿದ್ದು" ಅಂದರು.